ಹದಿನಾಲ್ಕನೆಯ ತಿರುವಿನ ಬಾಟಲಿ

ಬಿಡುವು ತಿಂಗಳ ಮೂವತ್ತಮೂರನೆಯ ದಿನ, ೨೧೮೭
ಕರಿಗಲ್ಲ ಘಟ್ಟ, ಹದಿನಾಲ್ಕನೆಯ ತಿರುವು

ಶ್ರೀ ಮುರಿಗೆಪ್ಪ ಕೌಲಗಿಯವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ತಿಳಿಯಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ಬಿಡುವು ಎನ್ನುತ್ತೇವೆ, ಅದು ಎಷ್ಟು ದಿನ ಇರಬೇಕೆಂದು ಆಯಾ ವರ್ಷವೇ ಗೊತ್ತು ಮಾಡುತ್ತೇವೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದನಿಗಳನ್ನು ಕೇಳಿ ಕಲಿತವಳು. ಹಿರಿಯರನ್ನು ಬಹುವಚನದಲ್ಲಿ ಕರೆಯಬೇಕೆಂದು ಅದರಲ್ಲೇ ಕಲಿತೆ, ಎಷ್ಟು ಸಾಲಿನ ತನಕ ಅದು ನನ್ನಿಂದಾಗುತ್ತದೋ ನೋಡೋಣ. ಈ ಕ್ಷಮೆಯ ಆಚೆಗೆ ಈ ಕಾಗದದಲ್ಲಿ ನಾನು ನಿಮ್ಮಲ್ಲಿ ಬೇರೆ ಯಾವುದಕ್ಕೂ ಕ್ಷಮೆ ಕೇಳುವುದಿಲ್ಲ.

ಈಗ ನಿಮ್ಮ ಲೆಕ್ಕದಲ್ಲಿ ಡಿಸೆಂಬರ್ ಹನ್ನೊಂದರ ಬೆಳಗು. ನೀವು ಇದೇ ತಿರುವಿನ ಕಲ್ಲಿನ ಮೇಲೆ ಕುಳಿತಿದ್ದೀರಿ. ಏರಿ ಬರುವ ನಿಮ್ಮ ತಂಡದವರಿಗೆ ನೀರಿನ ಬಾಟಲಿ ಕೊಡಲೆಂದು ತಂಡದ ಗಾಡಿ ನಿಮ್ಮನ್ನು ಇಲ್ಲಿಳಿಸಿ ಹೋಗಿದೆ. ಚಳಿ ತಡೆಯಲಾರದೆ, ಸೈಕಲ್ ತುಳಿಯುತ್ತಿದ್ದ ದಿನಗಳ ಅಭ್ಯಾಸದಂತೆ, ಪೇಪರಿನ ಒಂದು ಹಾಳೆ ತೆಗೆದು ಅಂಗಿಯೊಳಗೆ ಎದೆಗೆ ಇಟ್ಟುಕೊಂಡಿರಿ. ಸ್ವಲ್ಪ ಹೊತ್ತಿಗೆ ಅದರಲ್ಲಿ ಏನೋ ಚುಚ್ಚಿದಂತಾಗಿ ತೆಗೆದು ನೋಡಿದರೆ ಸುದ್ದಿಯೆಲ್ಲ ಮಾಯವಾಗಿ ನನ್ನ ಬರಹ ಕಾಣಿಸಿತು. ಇದಕ್ಕೆ ಬಿಸಿಯಕ್ಷರ ಎನ್ನುತ್ತಾರೆ, ಮೈಶಾಖ ತಗುಲಿದರೆ ಮಾತ್ರ ಏಳುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಇಂಥ ಕಾಗದಕ್ಕೆ ನಮ್ಮಲ್ಲಿ ಹಿನ್ನೋಲೆ ಎಂದು ಹೆಸರು. ಹೆದರಿ ಬಿಸಾಡಬೇಡಿ. ಪೂರ್ತಿ ಓದುವುದು ನಿಮಗೇ ಒಳ್ಳೆಯದು.

ಮೊದಲು ನಮ್ಮ ಕಾಲದ ಬಾಜಿಯ ವಿಷಯ ಹೇಳುತ್ತೇನೆ, ಯಾಕೆಂದರೆ ಬಾಜಿ ಎಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಗುತ್ತದೆ. ನಾವು ದುಡ್ಡು ಕಟ್ಟಿ ಆಡುವುದಿಲ್ಲ. ನಮ್ಮದು ಮೈಬಾಜಿ. ಘಟ್ಟದ ಓಟಕ್ಕೆ ಮುಂಚೆ ಯಾರು ಗೆಲ್ಲುತ್ತಾರೆಂದು ಹೇಳಿ ನಮ್ಮ ದಿನಗಳನ್ನು ಒಡ್ಡುತ್ತೇವೆ. ಸೋತರೆ ಅಷ್ಟು ದಿನ ಘಟ್ಟಕ್ಕೆ ಬಂದು ಒಂದು ತಿರುವನ್ನು ನೋಡಿಕೊಳ್ಳಬೇಕು: ಗುಡಿಸಬೇಕು, ಕುಸಿದ ಕಲ್ಲು ಎತ್ತಬೇಕು, ಏರಿ ಬರುವವರಿಗೆ ಅಂಬಲಿ ಕಾಸಬೇಕು. ಡೀಸೆಲ್ ಗಾಡಿಗಳು ನಿಂತು ಎಪ್ಪತ್ತು ವರ್ಷವಾಯಿತು. ಈಗ ಈ ರಸ್ತೆಯಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡುವುದಿಲ್ಲ, ಕಾಯಿಲೆಯವರನ್ನೂ ಇಬ್ಬರು ತುಳಿಯುವ ಡೋಲಿಯಲ್ಲೇ ಇಳಿಸುತ್ತೇವೆ. ಇಷ್ಟು ದೊಡ್ಡ ರಸ್ತೆ ಇವತ್ತಿಗೂ ಉಳಿದಿರುವುದು ಸೋತವರ ಕೈಯಿಂದ. ನಾನೂ ಸಲಕ್ಕೆ ನಲವತ್ತು ದಿನ ಒಡ್ಡಿ ಆರು ಸಲ ಸೋತು, ಆರು ಸಲವೂ ಹದಿನಾಲ್ಕನೆಯ ತಿರುವನ್ನೇ ಕೇಳಿ ಪಡೆದೆ. ನೀವು ಕುಳಿತಿರುವ ಕಲ್ಲನ್ನು ಇನ್ನೂರ ನಲವತ್ತು ದಿನ ಒರೆಸಿದ್ದೇನೆ, ಪ್ರತಿ ದಿನವೂ ನಿಮಗೆ ಶಾಪ ಹಾಕುತ್ತ ಒರೆಸಿದ್ದೇನೆ. ಏಳನೆಯ ಸಲ ಗೆದ್ದೆ. ಗೆದ್ದವರು ಬೇಕಾದ್ದು ಕೇಳಬಹುದು. ನಾನು ಒಂದು ಹಿನ್ನೋಲೆಯ ಹಾಳೆ ಕೇಳಿದೆ.

ಹಿನ್ನೋಲೆ ಕಚೇರಿಯಲ್ಲಿ ಒಂದು ನಿಯಮವಿದೆ. ನಮ್ಮನ್ನು ಹೆತ್ತವರಿಗೆ, ಅವರನ್ನು ಹೆತ್ತವರಿಗೆ, ಹಾಗೆ ನೇರ ಬಳ್ಳಿಯಲ್ಲಿ ಯಾರಿಗೂ ಬರೆಯುವಂತಿಲ್ಲ. ಕಚೇರಿಯ ಹೆಂಗಸು ಕನ್ನಡಕ ಮೇಲೆ ಮಾಡಿ, "ಯಾರಿಗವ್ವಾ ಇದು?" ಎಂದು ಕೇಳಿದಳು. ನನ್ನ ಹಿರಿಯಜ್ಜಿಯ ಸೋದರಮಾವನಿಗೆ ಎಂದೆ. "ಮಾವಗ ಬರದ್ರ ಅಡ್ಡಿಲ್ಲ ಬಿಡು. ಅಂವ ಬಳ್ಳಿ ಹೊರಗಿನಾಂವ" ಎಂದು ಮುದ್ರೆ ಒತ್ತಿದಳು. ನೀವು ಬಳ್ಳಿಯ ಹೊರಗಿನವರು ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ನನ್ನ ಹಿರಿಯಜ್ಜಿ ದಾನೇಶ್ವರಿ. ನಿಮ್ಮ ಅಕ್ಕನ ಮಗಳು, ಇವತ್ತಿಗೆ ಇಪ್ಪತ್ತಾರು ವರ್ಷ. ದಕ್ಷಿಣ ಸುತ್ತು ಎಂಬ ಎಂಟು ದಿನದ ಸೈಕಲ್ ಓಟದಲ್ಲಿ ನಾಲ್ಕು ದಿನ ಮುಗಿದು ಇವತ್ತು ಘಟ್ಟದ ದಿನ. ವಿಜಯಪುರದ ಬಯಲಿನಲ್ಲಿ ಹುಟ್ಟಿದ, ಗೋಳಗುಮ್ಮಟದ ಮೆಟ್ಟಿಲಿಗಿಂತ ದೊಡ್ಡ ಏರನ್ನು ಹದಿನಾರರ ತನಕ ಕಾಣದ ಹುಡುಗಿ ಇವತ್ತು ಎಲ್ಲರಿಗಿಂತ ಮುಂದೆ ಏರುತ್ತಾಳೆಂದು ಇಡೀ ನಾಡು ಬಾಜಿ ಕಟ್ಟಿದೆ. ಅವಳಿಗೆ ಸೈಕಲ್ ಕಲಿಸಿದವರು ನೀವು. ಇಟ್ಟಂಗಿ ಭಟ್ಟಿಯ ಹಿಂದಿನ ಬಯಲಿನಲ್ಲಿ ಸೀಟು ಹಿಡಿದು ಓಡಿದವರು ನೀವು. ಅವಳಿಗೆ ನೀವು ಕಲಿಸಿದ ಮೊದಲ ಪಾಠ, ಬಾಟಲಿ ಕೊಡುವ ಕೈಯನ್ನು ನೋಡಬಾರದು ಎಂಬುದು. ಕೈ ನೋಡಿದರೆ ರಸ್ತೆ ತಪ್ಪುತ್ತದೆ. ಕಣ್ಣು ಮುಂದಿರಲಿ, ಬಾಟಲಿ ತಾನಾಗಿ ಕೈಗೆ ಬರುತ್ತದೆ, ಬಂದದ್ದನ್ನು ಅನುಮಾನಿಸದೆ ಕುಡಿಯಬೇಕು. ತುಳಿಯುವವರೆಲ್ಲರ ರೂಢಿ ಅದು, ಒಳ್ಳೆಯ ರೂಢಿಯೇ.

ನಿನ್ನೆ ಸಂಜೆ ಲಾಡ್ಜಿನ ಕೋಣೆಯಲ್ಲಿ ನೀವು ಮೇಣದ ಬತ್ತಿ ಕರಗಿಸಿ ಹಳದಿ ಮುಚ್ಚಳದ ಬಾಟಲಿಯ ಮೂತಿಗೆ ಒಳಗಿನಿಂದ ಹೊಯ್ದಿರಿ. ಹೊರಗೆ ಏನೂ ಕಾಣದಂತೆ ಒರೆಸಿದಿರಿ. ತೂಕ ಸರಿಯಾಗಿದೆ, ನೀರು ತುಂಬಿದೆ, ಬರುವುದು ಮಾತ್ರ ಇಲ್ಲ. ಈ ತಿರುವು ದಾಟಿದ ಮೇಲೆ ಯಾರೂ ಯಾರಿಗೂ ನೀರು ಕೊಡುವಂತಿಲ್ಲ ಎಂಬುದು ಓಟದ ನಿಯಮ. ಮುಂದೆ ಏಳು ತಿರುವಿನ ಏರು, ಆಮೇಲೆ ಹದಿನಾರು ಕಿಲೋಮೀಟರ್ ಇಳಿಜಾರು, ಕೆಳಗೆ ಗೆಲುವಿನ ಗೆರೆ. ನೀವು ಬಾಜಿ ಕಟ್ಟಿದ್ದು ಅವಳ ಎದುರಾಳಿ, ಕೊಲ್ಹಾಪುರದ ಅಸಾವರಿಯ ಮೇಲೆ. ನಿಮ್ಮ ಕಾಲದಲ್ಲಿ ಫೋನಿನಲ್ಲಿ ಒತ್ತಿದ್ದು ಯಾವುದೂ ಅಳಿದಿಲ್ಲ ಮಾವ. ನೀನು ಯಾರ ಮೇಲೆ ಎಷ್ಟು ಕಟ್ಟಿದೆ ಎಂಬುದನ್ನು ನಮ್ಮೂರ ಶಾಲೆಯ ಮಕ್ಕಳೂ ತೆಗೆದು ನೋಡಬಹುದು. ನೋಡಿ, ಬಹುವಚನ ಇಲ್ಲಿಗೆ ಮುಗಿಯಿತು.

ನಾನು ಓದಿದ ಹಾಗೆ ನಡೆದದ್ದು ಇಷ್ಟು. ದಾನೇಶ್ವರಿ ನಿನ್ನ ಕೈ ನೋಡದೆ ಬಾಟಲಿ ತೆಗೆದುಕೊಂಡಳು. ಹದಿನೈದನೆಯ ತಿರುವಿನಲ್ಲಿ ಮೂತಿಯನ್ನು ಹಲ್ಲಿನಿಂದ ಜಗ್ಗಿದಳು, ನೀರು ಬರಲಿಲ್ಲ, ಏರಿನಲ್ಲಿ ಎರಡೂ ಕೈ ಬಿಟ್ಟು ಮುಚ್ಚಳ ತಿರುವುವಂತಿರಲಿಲ್ಲ. ಹದಿನೆಂಟರ ಹೊತ್ತಿಗೆ ಕಾಲು ಹಿಡಿದವು. ಇಪ್ಪತ್ತರಲ್ಲಿ ಇಳಿದು ಸೈಕಲ್ ತಳ್ಳಿದಳು. ಅಸಾವರಿ ಗೆದ್ದಳು, ನೀನೂ ಗೆದ್ದೆ. ಅಷ್ಟಕ್ಕೆ ಬಿಟ್ಟಿದ್ದರೆ ನಿನ್ನನ್ನು ಬರೀ ಕಳ್ಳ ಎನ್ನುತ್ತಿದ್ದೆ. ಮುಂದಿದ್ದವಳು ಹಾಗೆ ನಿಂತದ್ದು ಯಾಕೆಂದು ಎಲ್ಲರೂ ಕೇಳತೊಡಗಿದಾಗ, ನಿನ್ನ ಮೇಲೆ ಕಣ್ಣು ಬೀಳದಿರಲೆಂದು ಟಿವಿಯವರ ಮುಂದೆ ಕಣ್ಣೊರೆಸಿಕೊಂಡು, "ಹುಡುಗಿ ರೊಕ್ಕ ತಗೊಂಡಾಳ್ರೀ. ಏನ್ ಹೇಳ್ಲಿ, ನಮ್ಮ ಮನಿ ಕೂಸು" ಎಂದೆ. ಮನೆಯವನೇ ಹೇಳಿದ ಮೇಲೆ ಇನ್ನೇನು ಬೇಕು? ಅವಳಿಗೆ ಆಜೀವ ನಿಷೇಧವಾಯಿತು. ಗೆದ್ದದ್ದರಲ್ಲಿ ನೀನು ಸ್ಟೇಶನ್ ರೋಡಿನಲ್ಲಿ ಅಂಗಡಿ ಹಾಕಿದೆ. ಅದಕ್ಕೆ ಇಟ್ಟ ಹೆಸರು ದಾನೇಶ್ವರಿ ಸೈಕಲ್ ಮಾರ್ಟ್. ಊರವರು ನಿನ್ನದು ಎಂಥ ದೊಡ್ಡ ಮನಸ್ಸು ಎಂದರು. ಅದೇ ಅಂಗಡಿಯ ಮುಂದೆ ಅವಳು ಮೂವತ್ತೊಂದು ವರ್ಷ ಕುಕ್ಕರುಗಾಲಿನಲ್ಲಿ ಕುಳಿತು ಬೇರೆಯವರ ಗಾಲಿಗೆ ಗಾಳಿ ತುಂಬಿದಳು, ಪಂಕ್ಚರ್ ಹಾಕಿದಳು, ಮಾವ ತಪ್ಪು ತಿಳಿದಿದ್ದಾನಷ್ಟೇ ಎಂದು ನಂಬಿ ಹಬ್ಬಕ್ಕೊಮ್ಮೆ ನಿನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಸತ್ತವರ ದನಿಯನ್ನು ನಾವು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಕುಂಕುಮದ ಭರಣಿಯಷ್ಟೇ ಇರುವ ಅದಕ್ಕೆ ದನಿಗುಂಡಿ ಎಂದು ಹೆಸರು. ಕಿವಿಗೆ ಒತ್ತಿದರೆ ಎಪ್ಪತ್ತರ ದಾನೇಶ್ವರಿ ಮಾತಾಡುತ್ತಾಳೆ. "ನನ್ನ ಹಲ್ಲಿಗಿ ಜಗ್ಗಾಕ ಬರಲಿಲ್ಲವ್ವಾ. ಪಾಪ, ಮಾವ ನೀರು ಕೊಟ್ಟಿದ್ದ. ಕುಡ್ಯಾಕ ನನಗಽ ಆಗ್ಲಿಲ್ಲ." ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವಳು ಆ ಬಾಟಲಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು, ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ತನ್ನ ಸೋಲನ್ನು ಯಾರು ತಾನೇ ಬಿಚ್ಚಿ ನೋಡುತ್ತಾರೆ? ಮಗಳಿಗೆ ಕೊಟ್ಟಳು, ಮಗಳು ಅವಳ ಮಗಳಿಗೆ. ನಮ್ಮ ಮನೆಗೆ ಊರಿನಲ್ಲಿ "ಮಾರ್ಕೊಂಡವರ ಮನಿ" ಎಂದು ಅಡ್ಡಹೆಸರು ಬಿತ್ತು, ಐದು ತಲೆಮಾರು ಅದು ಹೋಗಲಿಲ್ಲ. ಹದಿನಾರರಲ್ಲಿ ನಾನು ಗಾಳಿಮನೆಗೆ ಹೋದೆ. ಘಟ್ಟ ಏರುವ ಹೆಣ್ಣುಮಕ್ಕಳು ಇದ್ದು ಕಲಿಯುವ ಜಾಗ ಅದು. ಓಡಿಸಿ ನೋಡುವ ಮೊದಲೇ ಅಲ್ಲಿನ ಹಿರಿಯಳು, "ನಿಮ್ಮ ಮಂದಿಗಿ ಘಟ್ಟ ಒಗ್ಗೂದಿಲ್ಲವ್ವಾ" ಎಂದು ಬಾಗಿಲಿನಲ್ಲೇ ತಡೆದಳು. ಅಂದು ಮನೆಗೆ ಬಂದು ಸಿಟ್ಟಿನಲ್ಲಿ ಟ್ರಂಕಿನ ಬೀಗ ಒಡೆದು ಬಾಟಲಿ ತೆಗೆದೆ. ಸೂಜಿ ಹಾಕಿ ಮೂತಿ ಕೆದಕಿದೆ. ಉಗುರಿನಷ್ಟು ಬಿಳಿ ಮೇಣ ಹೊರಗೆ ಬಂತು. ನನ್ನ ತಾಯಿ ಅದನ್ನು ಅಂಗೈಯಲ್ಲಿ ಹಿಡಿದು, ಅಡುಗೆಮನೆಯ ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತಳು.

ಈಗ ಕೇಳು. ಮೊದಲು ನಾನು ಸಾದಾ ಕಾಗದದ ಮೇಲೆ ಒಂದೇ ಸಾಲಿನ ಕರಡು ಬರೆದಿದ್ದೆ: "ಇವತ್ತು ದಾನೇಶ್ವರಿ ಗೆಲ್ಲುತ್ತಾಳೆ, ಇದ್ದದ್ದೆಲ್ಲ ಅವಳ ಮೇಲೆ ಕಟ್ಟು." ನೀನು ಖಂಡಿತ ನಂಬುತ್ತಿದ್ದೆ. ಮೇಣದ ಬಾಟಲಿ ಬಿಸಾಡಿ ಒಳ್ಳೆಯದನ್ನು ಕೊಡುತ್ತಿದ್ದೆ, ಅವಳು ಗೆಲ್ಲುತ್ತಿದ್ದಳು, ನನ್ನ ಸುಳ್ಳು ನಿಜವಾಗುತ್ತಿತ್ತು. ಆದರೆ ಆಗಲೂ ನೀನು ಅಂಗಡಿ ಹಾಕುತ್ತಿದ್ದೆ, ಆಗಲೂ ಅವಳು ನಿನ್ನ ಕಾಲು ಮುಟ್ಟುತ್ತಿದ್ದಳು. ಅದು ನನಗೆ ಸಹಿಸಲಾಗಲಿಲ್ಲ. ಆ ಕಾಗದವನ್ನು ಅಂಬಲಿ ಒಲೆಗೆ ಹಾಕಿ ಇದನ್ನು ಬರೆಯಲು ಕುಳಿತೆ.

ನಿನ್ನ ಚೀಲದಲ್ಲಿ ಮೇಣದ ಬಾಟಲಿ, ಮೇಣವಿಲ್ಲದ ಇನ್ನೊಂದು ಬಾಟಲಿ, ಇವುಗಳ ಜೊತೆಗೆ ಅವಳಿಗೆ ಕೊಡಬೇಕಾದ ಇನ್ನೊಂದು ವಸ್ತುವಿದೆ: ಪೇಪರಿನ ಮಡಿಕೆ. ನೆತ್ತಿ ತಲುಪಿದ ಮೇಲೆ ಬೆವರಿನಲ್ಲಿ ತೊಯ್ದ ಎದೆಗೆ ಅದನ್ನು ತುರುಕಿಕೊಂಡೇ ಇಳಿಯಬೇಕು. ಇಲ್ಲದಿದ್ದರೆ ಡಿಸೆಂಬರಿನ ಮಂಜಿನಲ್ಲಿ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದು. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಕಚೇರಿ ನನಗೆ ಕೊಟ್ಟದ್ದು ದೊಡ್ಡ ಹಾಳೆ ಮಾವ. ನಾನು ಕಚೇರಿಗೆ ತಿಳಿಯದಂತೆ ಅದನ್ನು ಎರಡು ಮಾಡಿದೆ. ಒಂದು ನಿನ್ನ ಕೈಯಲ್ಲಿದೆ. ಇನ್ನೊಂದು ಆ ಕಟ್ಟಿನ ಹಾಳೆಗಳ ನಡುವೆ ಎಲ್ಲೋ ಇದೆ, ಬೆಲೆ ಏರಿಕೆಯ ಸುದ್ದಿಯ ಮುಖ ಹಾಕಿಕೊಂಡು. ಒಂದೊಂದನ್ನೇ ಹೊಟ್ಟೆಗೆ ಒತ್ತಿ ಹುಡುಕಬೇಡ. ನಿನ್ನದು ಬರೀ ಬಿಸಿಗೆ ಎದ್ದಿತು. ಅವಳದು ಘಟ್ಟ ಏರಿದ ಮೈಯ ಬೆವರಿಗೆ ಮಾತ್ರ ಏಳುತ್ತದೆ. ನಿನ್ನ ಮೈ ಆ ಬೆವರು ಮರೆತು ಇಪ್ಪತ್ತು ವರ್ಷವಾಗಿದೆ. ಬೇರೆ ಪೇಪರ್ ತರೋಣವೆಂದರೆ ಹತ್ತಿರದ ಅಂಗಡಿ ಹನ್ನೆರಡು ಕಿಲೋಮೀಟರ್ ಕೆಳಗಿದೆ, ರಸ್ತೆಯನ್ನು ಓಟಕ್ಕಾಗಿ ಮುಚ್ಚಿದ್ದಾರೆ.

ಹಾಗಾದರೆ ಯೋಚನೆ ಮಾಡು. ಮೇಣದ ಬಾಟಲಿ ಕೊಟ್ಟು ಹಾಳೆಯನ್ನೂ ಕೊಟ್ಟರೆ, ಅವಳು ಸೋತು ಕೆಳಗೆ ಬಂದು ಎದೆಯಿಂದ ಅದನ್ನು ತೆಗೆದಾಗ ಸೋಲಿಸಿದವನ ಹೆಸರು ಓದುತ್ತಾಳೆ. ಸುತ್ತಲೂ ಟಿವಿಯವರಿರುತ್ತಾರೆ, ಮತ್ತು ಈ ಸಲ ಅವಳು ಬಾಟಲಿಯನ್ನು ಅವರೆದುರೇ ಬಿಚ್ಚಿ ನೋಡುತ್ತಾಳೆ. ಹಾಳೆ ಕೊಡದೆ ಹೋದರೆ ಅವಳು ಇಳಿಜಾರಿನಲ್ಲಿ ಬೀಳುತ್ತಾಳೆ. ಆಗ ನಿನ್ನ ಅಕ್ಕನ ಮನೆಯಲ್ಲಿ ತೊಟ್ಟಿಲಲ್ಲಿ ಮಲಗಿರುವ ಅವಳ ಎಂಟು ತಿಂಗಳ ಹೆಣ್ಣುಕೂಸಿನ ಮುಖವನ್ನು ದಿನಾ ನೋಡುತ್ತ ಬದುಕು. ಇನ್ನು ಒಳ್ಳೆಯ ಬಾಟಲಿ ಕೊಟ್ಟು, ಹಾಳೆಯನ್ನೂ ಕೊಟ್ಟು, ಫೋನು ತೆಗೆದು ಅವಳ ಮೇಲೆ ಕಟ್ಟಿದರೆ, ನೀನು ಗೆಲ್ಲುತ್ತೀ. ಮುಂದಿರುವವಳು ಈ ತಿರುವು ದಾಟುವ ತನಕ ಬಾಜಿ ಬದಲಿಸಬಹುದು. ಆ ದುಡ್ಡು ನಿನಗೇ ಇರಲಿ, ಅಂಗಡಿಯೂ ಹಾಕು. ಅವಳು ಮಾತ್ರ ನಿನ್ನ ಹೊಸ್ತಿಲು ತುಳಿಯುವುದಿಲ್ಲ. ಅವಳ ಹಾಳೆಯಲ್ಲಿ ನಾನು ಮೂರೇ ಮಾತು ಬರೆದಿದ್ದೇನೆ. ಮಾವ ಯಾರ ಮೇಲೆ ಬಾಜಿ ಕಟ್ಟಿದ್ದ ಎಂಬುದು ಒಂದು. ಮೂತಿಗೆ ಏನು ಹೊಯ್ದಿದ್ದ ಎಂಬುದು ಇನ್ನೊಂದು. ನಿನ್ನ ಹಲ್ಲಿನ ತಪ್ಪು ಏನೂ ಇಲ್ಲ ತಾಯಿ ಎಂಬುದು ಕೊನೆಯದು.

ಹಿನ್ನೋಲೆ ತಲುಪಿ ಏನಾದರೂ ಬದಲಾದರೆ, ಬದಲಾಯಿತೆಂದು ತಿಳಿಯಲು ಹಳೆಯ ನಾನು ಇರುವುದಿಲ್ಲ. ದಾನೇಶ್ವರಿ ಗೆದ್ದರೆ ತೊಟ್ಟಿಲ ಕೂಸು ಬೇರೆ ಊರಲ್ಲಿ ಬೆಳೆದು ಬೇರೆ ಯಾರನ್ನೋ ಮದುವೆಯಾಗುತ್ತದೆ, ನಾನು ಹುಟ್ಟದೆಯೇ ಹೋಗಬಹುದು. ಕಚೇರಿಯ ಹೆಂಗಸು ಇದನ್ನು ಎರಡು ಸಲ ತಿಳಿಸಿ ಹೇಳಿದಳು. ನಾನು ಎರಡು ಸಲವೂ ಆಗಲಿ ಎಂದೆ. ಇದು ನನ್ನ ಎಂಟನೆಯ ಮೈಬಾಜಿ, ಈ ಸಲ ಒಡ್ಡಿದ್ದು ನಲವತ್ತು ದಿನವಲ್ಲ. ನಾನು ಬಾಜಿ ಕಟ್ಟಿರುವುದು ನಿನ್ನ ಒಳ್ಳೆಯತನದ ಮೇಲೆ ಅಲ್ಲ, ಅದರ ಮೇಲೆ ಒಂದು ಹೊತ್ತಿನ ಅಂಬಲಿಯನ್ನೂ ಒಡ್ಡಲಾರೆ. ನಿನ್ನ ದುರಾಸೆಯ ಮೇಲೆ ಕಟ್ಟಿದ್ದೇನೆ.

ಕೆಳಗಿನಿಂದ ಶಿಳ್ಳೆ ಕೇಳಿಸುತ್ತಿರಬೇಕು. ಅವಳು ಬರುತ್ತಿದ್ದಾಳೆ, ಎಲ್ಲರಿಗಿಂತ ಮುಂದೆ, ರೂಢಿಯಂತೆ ನಿನ್ನ ಕೈಯನ್ನು ನೋಡದೆ. ಎದ್ದು ನಿಲ್ಲು. ಹಾಳೆ ಕೊಡು ಮಾವ. ಮೇಲೆ ಚಳಿ ಬಹಳ ಇದೆ.

ಇತಿ,
ತುಂಗವ್ವ
ದಾನೇಶ್ವರಿಯ ಮರಿಮಗಳ ಮೊಮ್ಮಗಳು, ಇನ್ನೂ ಇದ್ದರೆ