ಹ್ಯಾಂಡ್‌ಬ್ರೇಕ್ ಎಳೆಯಬೇಡಿ ಎಂದವನು

ಜನವರಿ 23, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿಯ ನಮಸ್ಕಾರ. ನಿನ್ನ ಕಾಗದ ಬಂದು ಆರು ವಾರವಾಯಿತು. ಮನಸ್ಸಿನಲ್ಲೇ ಎಷ್ಟು ಬೈದಿದ್ದೀಯೋ ಗೊತ್ತು, ಇನ್ನೂ ಉಳಿದಿದ್ದರೆ ಬೈದು ಮುಗಿಸು. ಈ ಸಲದ ಚಳಿಗೆ ಬೆರಳಿನ ಗಂಟುಗಳೆಲ್ಲ ಬಿರಿದಿವೆ. ಸ್ಪ್ಯಾನರ್ ಹೇಗೋ ಹಿಡಿಯುತ್ತೇನೆ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಭಾವನ ಸೊಂಟನೋವು ಈಗ ಹೇಗಿದೆ? ಮಗಳು ನರ್ಸಿಂಗ್ ಮುಗಿಸಿದಳೆಂದು ಓದಿ ಆ ದಿನವೆಲ್ಲ ಖುಷಿಯಾಗಿದ್ದೆ. ಅವಳಿಗೆ ಚಿಕ್ಕಮ್ಮನ ಪರವಾಗಿ ಒಂದು ಮುತ್ತು ಕೊಡು, ಬೇಡವೆಂದರೂ ಬಿಡಬೇಡ.

ಚಳಿಗಾಲ ಬಂತೆಂದರೆ ನನ್ನ ಗ್ಯಾರೇಜಿಗೆ ಬರುವವರದ್ದೆಲ್ಲ ಒಂದೇ ದೂರು. ಸಂಜೆ ಗಾಡಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿರುತ್ತಾರೆ, ಬೆಳಿಗ್ಗೆ ಲಿವರ್ ಕೆಳಗಿಳಿಸಿದರೂ ಹಿಂದಿನ ಚಕ್ರ ತಿರುಗುವುದಿಲ್ಲ. ಕೇಬಲ್ಲಿನ ಹೊದಿಕೆ ಎಲ್ಲೋ ಹರಿದು, ನೀರು ಒಳಗಿಳಿದು, ಹೆಪ್ಪುಗಟ್ಟಿರುತ್ತದೆ. ಹಾಲಿನ ವ್ಯಾನಿನವನೊಬ್ಬ ಹೆಂಡತಿಯ ಕೂದಲು ಒಣಗಿಸುವ ಮೆಷಿನ್ನು ತಂದು ಚಕ್ರಕ್ಕೆ ಬಿಸಿಗಾಳಿ ಬಿಟ್ಟನಂತೆ. ಮೆಷಿನ್ನು ಸುಟ್ಟುಹೋಯಿತು. ಬ್ರೇಕು ಬಿಡಲಿಲ್ಲ, ಹೆಂಡತಿ ಮಾತು ಬಿಟ್ಟಳು.

ಹೀಗೆ ನಗುತ್ತಾ ಕೆಲಸ ಮಾಡುತ್ತಿದ್ದವಳ ಮುಂದೆ ಹೋದ ವಾರ ಸೋಮವಾರ ಒಂದು ಬಿಳಿ ಪಿಕಪ್ ಹಿಂದಿನ ಚಕ್ರಗಳನ್ನು ಎಳೆದುಕೊಂಡು ಬಂದು ನಿಂತಿತು. ಇಳಿದವನು ಯಾರು ಗೊತ್ತೇ ಅಕ್ಕ? ಅಪ್ಪ ಗಾಡಿ ಓಡಿಸುತ್ತಿದ್ದ ಡಿಪೋದ ಯಜಮಾನ. ನಮ್ಮ ಅಪ್ಪನನ್ನು ಕೊಲೆಗಾರನನ್ನಾಗಿ ಮಾಡಿದವನು.

ತಲೆ ಪೂರ್ತಿ ಬೆಳ್ಳಗಾಗಿದೆ, ದಪ್ಪ ಕನ್ನಡಕ ಬಂದಿದೆ. ಆದರೆ ಕೋಟಿನ ಜೇಬಿನಲ್ಲಿ ಹೆಬ್ಬೆರಳು ಸಿಕ್ಕಿಸಿಕೊಂಡು ಮಾತಾಡುವ ಠೀವಿ ಹಾಗೇ ಇದೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದೆ ಎನ್ನುವುದು ಒಂದು. ಅದಿಲ್ಲದಿದ್ದರೂ ಅಷ್ಟೇ ಎನ್ನಿಸುತ್ತದೆ. ಎರಡು ವರ್ಷ ಅವನ ಆಫೀಸಿನಲ್ಲಿ ಟೈಪ್ ಮಾಡಿದ್ದರೂ ಅವನು ಒಂದು ದಿನ ನನ್ನ ಮುಖವನ್ನು ಸರಿಯಾಗಿ ನೋಡಿದವನಲ್ಲ.

ನಾನು ಬಗ್ಗಿ ಚಕ್ರ ನೋಡಿ, ಇಂಥ ಚಳಿಯಲ್ಲಿ ಹ್ಯಾಂಡ್‌ಬ್ರೇಕ್ ಯಾಕೆ ಎಳೆದಿರಿ ಎಂದು ಸುಮ್ಮನೆ ಕೇಳಿದೆ. ಅವನಿಗೆ ಅಷ್ಟೇ ಸಾಕಾಯಿತು. ಹೊಸ ಡ್ರೈವರ್ ದಡ್ಡ ಎಂದ, ಈಗಿನವರು ಯಾರ ಮಾತೂ ಕೇಳುವುದಿಲ್ಲ ಎಂದ. ಆಮೇಲೆ ಅಂದ ಮಾತು ಇದು, ಅಕ್ಷರ ಅಕ್ಷರ ಬರೆಯುತ್ತಿದ್ದೇನೆ:

"ಇಪ್ಪತ್ತೈದು ವರ್ಷದಿಂದ ಬಡ್ಕೋತಿದೀನಿ, ಚಳೀಲಿ ಹ್ಯಾಂಡ್‌ಬ್ರೇಕ್ ಎಳೀಬೇಡ್ರೋ, ಗೇರಲ್ಲಿ ನಿಲ್ಸಿ ಚಕ್ರಕ್ಕೆ ಮರದ ತುಂಡು ಕೊಡಿ ಅಂತ. ಹಿಂದೆ ಡಿಪೋದಲ್ಲಿ ಅದನ್ನ ಟೈಪ್ ಮಾಡ್ಸಿ ಗೋಡೆಗೇ ಹಚ್ಚಿಸಿದ್ದೆ."

ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು. ಅವನ ಮಂಡಿ ನನ್ನ ಮುಖದ ಎತ್ತರಕ್ಕೇ ಇತ್ತು. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಲೆಕ್ಕ ಹಾಕಿದೆ.

ಇಪ್ಪತ್ತೆರಡು ವರ್ಷದ ಹಿಂದೆ ವಿಚಾರಣೆಯಲ್ಲಿ ಇದೇ ಬಾಯಿ ಏನು ಹೇಳಿತ್ತು, ನೆನಪಿದೆಯಲ್ಲ? ಅಂಥ ಆದೇಶ ತಾನು ಕೊಟ್ಟೇ ಇಲ್ಲ, ಅಂಥ ಚೀಟಿ ಡಿಪೋದಲ್ಲಿ ಇರಲೇ ಇಲ್ಲ, ಬ್ರೇಕ್ ಹಾಕದೆ ಹೋದದ್ದು ಡ್ರೈವರನ ತಪ್ಪು. ಹರಿದ ಕೇಬಲ್ಲುಗಳನ್ನು ಬದಲಿಸುವ ಬದಲು ಒಂದು ಚೀಟಿ ಹಚ್ಚಿ ಕೈತೊಳೆದುಕೊಂಡಿದ್ದ. ಅಪ್ಪ ಆ ಚೀಟಿಯಲ್ಲಿದ್ದ ಹಾಗೇ ತುಂಬಿದ ಪಿಕಪ್ಪನ್ನು ಗೇರಿನಲ್ಲಿ ನಿಲ್ಲಿಸಿ, ಮರದ ತುಂಡು ಕೊಟ್ಟು, ರಸೀದಿ ತರಲು ಹೋದರು. ಯಾರೋ ಆ ತುಂಡನ್ನು ಬೇರೆ ಗಾಡಿಗೆಂದು ಎತ್ತಿಕೊಂಡು ಹೋದರು. ಸವೆದ ಗೇರು ಜಾರಿ ಗಾಡಿ ಉರುಳಿತು. ಇಳಿಜಾರಿನ ಕೆಳಗೆ ತೂಕದ ಮನೆಯ ಗೋಡೆಗೆ ಬೆನ್ನು ಕೊಟ್ಟು ಸರಕು ತೂಗುವ ತೂಕದವರು ಒಬ್ಬರೇ ಪಟ್ಟಿ ಬರೆಯುತ್ತಾ ನಿಂತಿದ್ದರು. ಅವರಿಗೆ ತಲೆಯೆತ್ತಲೂ ಹೊತ್ತು ಸಿಗಲಿಲ್ಲ, ಅಲ್ಲೇ ಸತ್ತರು.

ಆ ಚೀಟಿ ಟೈಪ್ ಮಾಡಿದವಳು ನಾನೇ. ಮಗಳ ಮಾತಿಗೆ ಬೆಲೆಯೆಲ್ಲಿ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಿನಗೆ ಗೊತ್ತು. ಅಪ್ಪ ಎದ್ದು ನಿಂತು, ಹೌದು, ನಾನೇ ಮರೆತೆ ಎಂದುಬಿಟ್ಟರು. ಲೈಸೆನ್ಸ್ ಹೋಯಿತು. ಜೊತೆಯ ಡ್ರೈವರುಗಳು ಬ್ರೇಕ್ ಮರೆತವನು ಎಂದು ಹೆಸರಿಟ್ಟರು. ತಾನೇ ಒಪ್ಪಿಕೊಂಡ ಮೇಲೆ ಇನ್ನೇನು ಮಾತು ಎಂದು ನೀನೂ ಅವರ ಮುಖ ನೋಡುವುದನ್ನು ಬಿಟ್ಟೆ. ಇರಲಿ, ಅದನ್ನು ಈಗ ಎತ್ತುವುದಿಲ್ಲ.

ಆದರೆ ಆ ಮನುಷ್ಯ ಸುಮ್ಮನಿದ್ದನೇ? ಈಗ ಅವನು ಗಾಡಿ ಮಾಲೀಕರ ಸುರಕ್ಷತಾ ಸಮಿತಿಯ ಅಧ್ಯಕ್ಷ. ಪ್ರತಿ ವರ್ಷ ಹೊಸ ಡ್ರೈವರುಗಳನ್ನು ಕೂರಿಸಿಕೊಂಡು ಬ್ರೇಕ್ ಮರೆತವನ ಕಥೆ ಹೇಳುತ್ತಾನೆ. ಅಪ್ಪ ಸತ್ತ ವರ್ಷವೂ ಬಿಡಲಿಲ್ಲ. ನಾನು ಡಿಪೋ ಬಿಟ್ಟು ಗ್ರೀಸಿನಲ್ಲಿ ಕೈಯದ್ದಿದ್ದು ಯಾಕೆಂದು ನೀನು ಎಷ್ಟು ಸಲ ಕೇಳಿದ್ದೀಯ. ಇದಕ್ಕೇ. ಈ ಒಂದು ಬ್ರೇಕಿನ ವಿಷಯದಲ್ಲಿ ನನ್ನೆದುರು ಯಾರೂ ಸುಳ್ಳು ಹೇಳಲಾಗದಷ್ಟು ಕಲಿಯಬೇಕೆಂದು.

ಸ್ಪ್ಯಾನರ್ ಕೆಳಗಿಟ್ಟೆ. ಬಹಳ ವಿನಯದಿಂದ, ಕೇಬಲ್ ತರಿಸಬೇಕು ಯಜಮಾನ್ರೇ, ಗುರುವಾರ ಹತ್ತು ಗಂಟೆಗೆ ಬನ್ನಿ ಎಂದೆ. ಕೇಬಲ್ ನನ್ನ ಬೆನ್ನ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು.

ಆ ಮೂರು ದಿನ ನನಗೆ ಊಟ ರುಚಿಸಿತು ಅಕ್ಕ. ಎಷ್ಟೋ ವರ್ಷದ ಮೇಲೆ. ಅವನ ಮುಖ ಹೇಗೆ ಬಿಳಿಚಿಕೊಳ್ಳುತ್ತದೆಂದು ನೆನೆಸಿಕೊಂಡೇ ತುತ್ತು ನುಂಗುತ್ತಿದ್ದೆ. ಚಾಲಕರ ಸಂಘದ ಕಾರ್ಯದರ್ಶಿಯನ್ನು ಬರಹೇಳಿದೆ. ಅದೇ, ಹಾರ್ನ್ ಎಂದು ಕರೆಯುತ್ತಿದ್ದರಲ್ಲ, ದೊಡ್ಡ ಗಂಟಲಿನವನು. ಅಪ್ಪನಿಗೆ ಬ್ರೇಕ್ ಮರೆತವನು ಎಂದು ಹೆಸರಿಟ್ಟವನೂ ಅವನೇ. ಆಮೇಲೆ ತೂಕದವರ ಹೆಂಡತಿಯ ಮನೆಗೆ ಹೋದೆ. ಗಂಡ ಸತ್ತ ಜಾಗದಲ್ಲೇ ಕೂತು ಹತ್ತೊಂಬತ್ತು ವರ್ಷ ತೂಕ ಬರೆದು ಈಗ ನಿವೃತ್ತರಾಗಿದ್ದಾರೆ. ಯಾಕೆ ಏನು ಎಂದು ಹೇಳಲಿಲ್ಲ. ಗುರುವಾರ ನನ್ನ ಗ್ಯಾರೇಜಿನಲ್ಲಿ ಬಂದು ಒಂದು ಗಳಿಗೆ ಕೂರಬೇಕು ಎಂದೆ. ಅವರು ನನ್ನನ್ನೇ ನೋಡಿ, ಬರ್ತೀನಿ ಎಂದರು.

ಗುರುವಾರ ಇಬ್ಬರನ್ನೂ ಒಲೆಯ ಪಕ್ಕ ಬೆಂಚಿನ ಮೇಲೆ ಕೂರಿಸಿ ಕೈಗೆ ಚಹಾ ಕೊಟ್ಟೆ. ಅವನು ಬಂದ. ಹಾರ್ನನ್ನು ನೋಡಿ ಕುಶಲ ಕೇಳಿದ. ಪಕ್ಕದಲ್ಲಿ ಶಾಲು ಹೊದ್ದು ಕೂತ ಹೆಂಗಸಿನ ಕಡೆ ತಿರುಗಲೂ ಇಲ್ಲ. ಪಿಕಪ್ಪನ್ನು ಜ್ಯಾಕಿನ ಮೇಲೆ ಎತ್ತಿ, ಡ್ರಮ್ ಬಿಚ್ಚಿ, ಕೇಬಲ್ ಎಲ್ಲಿ ಹರಿದಿತ್ತೆಂದು ತೋರಿಸಿದೆ. ಆಮೇಲೆ ಏನೂ ಅರಿಯದವಳ ಹಾಗೆ, ಮೊನ್ನೆ ಏನೋ ಚೀಟಿಯ ವಿಷಯ ಹೇಳುತ್ತಿದ್ದಿರಲ್ಲ, ಅಂಥದ್ದೊಂದನ್ನು ನಾನೂ ಇಲ್ಲಿ ಹಚ್ಚಬೇಕೆಂದಿದ್ದೇನೆ, ಅದರಲ್ಲಿ ಏನೇನು ಬರೆಸಿದ್ದಿರಿ ಎಂದು ಕೇಳಿದೆ.

ಹೊಗಳಿಕೆ ಎಂದುಕೊಂಡ. ಜೇಬಿನಲ್ಲಿ ಹೆಬ್ಬೆರಳು ಸಿಕ್ಕಿಸಿಕೊಂಡು, ನಿಧಾನವಾಗಿ, ನಾನು ಬರೆದುಕೊಳ್ಳಲೆಂದು ಒಂದೊಂದೇ ಸಾಲು ಬಿಟ್ಟು ಬಿಟ್ಟು ಹೇಳಿದ. ನಾನು ಟೈಪ್ ಮಾಡಿದ್ದ ಒಂದು ಪದವೂ ಹೆಚ್ಚುಕಡಿಮೆಯಾಗಲಿಲ್ಲ. ಅದು ಯಾವ ಕಾಲದ ಮಾತು ಎಂದು ಕೇಳಿದೆ. ತೂಕದ ಮನೆ ಹೊಸದಾಗಿ ಕಟ್ಟಿಸಿದ ಚಳಿಗಾಲ ಎಂದ. ಅಪ್ಪನ ಗಾಡಿ ಉರುಳಿದ್ದೂ ಅದೇ ಚಳಿಗಾಲ.

ಹಾರ್ನನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ತೂಕದವರ ಹೆಂಡತಿ ಎದ್ದು ಬಂದು ಅವನೆದುರು ನಿಂತರು.

"ಹಾಗಾದ್ರೆ ಚೀಟಿ ಇತ್ತು ಅನ್ನಿ," ಎಂದರು. "ನಮ್ಮೆಜಮಾನ್ರು ಸತ್ತಾಗ ಅದು ಗೋಡೆ ಮೇಲೇ ಇತ್ತು."

ಆಗ ಅವನು ಕನ್ನಡಕ ಸರಿಮಾಡಿಕೊಂಡು ಅವರನ್ನು ನೋಡಿದ. ನಾನು ಮಫ್ಲರ್ ಬಿಚ್ಚಿ, ನಾನು ಯಾರ ಮಗಳು ಎಂದು ಹೇಳಿದೆ. ಮುಖ ಬಿಳಿಚಿತು ಅಕ್ಕ, ನಾನು ನೆನೆಸಿಕೊಂಡಿದ್ದಕ್ಕಿಂತ ಚೆನ್ನಾಗಿ ಬಿಳಿಚಿತು. ಕೂರಲು ಜಾಗ ಹುಡುಕಿದ. ಯಾರೂ ಸರಿದು ಕೊಡಲಿಲ್ಲ. ಹಳೇ ಟೈರುಗಳ ಮೇಲೆ ಕೂತು, ಅಧ್ಯಕ್ಷರ ಕೋಟಿಗೆಲ್ಲ ಮಸಿ ಮಾಡಿಕೊಂಡ. ಏನೇನೋ ತೊದಲಿದ, ಅದು ಬೇರೆ ಚೀಟಿ ಎಂದ, ವಯಸ್ಸಾಯಿತು ಎಂದ. ನಾನು ಕೇಬಲ್ಲಿಗೆ ಗ್ರೀಸ್ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಕೆಲಸದಲ್ಲಿ ಒಂದು ಕೂದಲೆಳೆ ಕೊರತೆ ಬಿಡಲಿಲ್ಲ. ಅವನ ಗಾಡಿ ಇನ್ನು ಹತ್ತು ಚಳಿಗಾಲ ಕಳೆದರೂ ಸಿಕ್ಕಿಕೊಳ್ಳುವುದಿಲ್ಲ. ಪ್ರತಿ ಬೆಳಿಗ್ಗೆ ಲಿವರ್ ಇಳಿಸಿದಾಗ ನನ್ನ ನೆನಪಾಗಲಿ, ನೆಮ್ಮದಿ ಹಾಳಾಗಲಿ.

ಹಾರ್ನ್ ಅಲ್ಲೇ ಕೂತು ನಡೆದದ್ದನ್ನೆಲ್ಲ ಬರೆದ. ಇಬ್ಬರೂ ಸಾಕ್ಷಿ ಸಹಿ ಹಾಕಿದರು. ಅವರೆದುರೇ ಆಡಿದ ಮಾತನ್ನು ನುಂಗಲಾಗದೆ ಅವನೂ ಕೊನೆಗೆ ಸಹಿ ಮಾಡಿದ. ಶನಿವಾರ ಸಮಿತಿ ಸೇರಿ ಅವನನ್ನು ಅಧ್ಯಕ್ಷಗಿರಿಯಿಂದ ತೆಗೆಯಿತು. ಚಾಲಕರ ಸಂಘದ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದಿದ್ದ 'ಅಜಾಗರೂಕತೆ' ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಹಾರ್ನ್ ನಿನ್ನೆ ಬಂದು ನನ್ನೆದುರು ಅತ್ತ. ಸಮಾಧಾನ ಮಾಡಲಿಲ್ಲ, ಅಳಲಿ ಎಂದು ಬಿಟ್ಟೆ. ನನ್ನ ಹೊಟ್ಟೆ ತಣ್ಣಗಾಗಿದೆ ಎಂದು ನಿನಗೆ ಹೇಳಬೇಕೆನ್ನಿಸಿತು.

ಭಾವನಿಗೆ ನಮಸ್ಕಾರ, ಬಿಸಿ ಶಾಖ ಕೊಡುತ್ತಿರು. ಮಗಳಿಗೆ ನೂರು ವರ್ಷ ಆಯಸ್ಸು, ಒಳ್ಳೆಯ ಕೆಲಸ ಸಿಗಲಿ. ನೀನು ದೊಡ್ಡವಳು, ನಿನಗೆ ನಾನೇನು ಹರಸಲಿ, ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮೇಲಿನದನ್ನು ಬರೆದು ಲಕೋಟೆಗೆ ಹಾಕಿದ್ದೆ, ಅಂಟಿಸಲು ಆಗಲಿಲ್ಲ. ಒಂದು ಕಡೆ ಸುಳ್ಳು ಬರೆದಿದ್ದೇನೆ. ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದರು. ಅಪ್ಪನಿಗಿಂತ ಮೊದಲು, ಬೇರೆ ಕೋಣೆಯಲ್ಲಿ. ಅಂಥ ಚೀಟಿ ನಾನು ಟೈಪ್ ಮಾಡಿಲ್ಲ ಎಂದೆ.

ಗಾಡಿ ಉರುಳಿದ ದಿನ, ಹೊರಗೆ ಜನ ಕೂಗುತ್ತಿರುವಾಗಲೇ ಯಜಮಾನ ಆಫೀಸಿನೊಳಗೆ ಬಂದ. ಆ ಚೀಟಿಯ ಕೆಳಗೆ ನನ್ನ ಸಹಿಯಿಲ್ಲ, ಟೈಪ್ ಮಾಡಿದವಳ ಗುರುತಿದೆ, ಜೈಲಿಗೆ ಹೋಗುವವಳು ನೀನು ಎಂದ. ಉರುಳಿದ್ದು ಅಪ್ಪನ ಗಾಡಿಯೆಂದು ನನಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಚೀಟಿಯನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದೆ. ತಿರುಗಿದರೆ ಬಾಗಿಲಲ್ಲಿ ಅಪ್ಪ. ಅದೇ ಚೀಟಿಗಾಗಿ ಓಡಿ ಬಂದಿದ್ದರು, ತೋಳೆಲ್ಲ ರಕ್ತ. ಒಲೆ ನೋಡಿದರು, ನನ್ನನ್ನು ನೋಡಿದರು, ಬಾಗಿಲು ಮುಂದೆ ಮಾಡಿಕೊಂಡು ಹೋದರು. ಮಾರನೇ ವಾರ ಎದ್ದು ನಿಂತು ನಾನೇ ಮರೆತೆ ಎಂದರು. ಸಾಯುವವರೆಗೂ ಆ ಮಾತೆತ್ತಲಿಲ್ಲ. ಕೊನೆಯ ದಿನಗಳಲ್ಲಿ ನೀನು ಬರುತ್ತೀಯೇನೋ ಎಂದು ಬಾಗಿಲು ನೋಡುತ್ತಿದ್ದರು. ನಿಜ ಬರೆದಿದ್ದರೆ ನೀನು ಬರುತ್ತಿದ್ದೆ. ನಾನು ಬರೆಯಲಿಲ್ಲ.

ಗುರುವಾರ ಕೀಲಿ ತೆಗೆದುಕೊಳ್ಳುವಾಗ ಆ ಮನುಷ್ಯ ನನಗೊಬ್ಬಳಿಗೇ ಕೇಳುವ ಹಾಗೆ, "ಕಿತ್ತಿದ್ದು ನೀನಲ್ವೇನಮ್ಮ?" ಎಂದ. ನಾನು ಕೀಲಿಯನ್ನು ಅವನ ಕೈಗೆ ಹಾಕಿ ಈಚೆ ತಿರುಗಿದೆ. ಬೆಂಚಿನ ಮೇಲೆ ತೂಕದವರ ಹೆಂಡತಿ ನನಗೆ ಒಳ್ಳೆಯದಾಗಲಿ ಎಂದು ಕೈಮುಗಿಯುತ್ತಿದ್ದರು.

ಈ ಕಾಗದ ಅಂಚೆ ಪೆಟ್ಟಿಗೆಗೆ ಹಾಕಿ, ಇದನ್ನೇ ಹೇಳಲು ನೇರವಾಗಿ ಅವರ ಮನೆಗೇ ಹೋಗುತ್ತೇನೆ. ನೀನು ಉತ್ತರ ಬರೆಯಲೇಬೇಕೆಂದಿಲ್ಲ.