ಫೀಡ್ ಓದುವವರು ಯಾರೂ ಇಲ್ಲವಂತೆ

ಸಲೂನಿನ ಹಿಂದಿನ ಕೋಣೆ
ಹದಿನೆಂಟನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ (ಪ್ರೀತಿ ಇದೆ, ಇವತ್ತು ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ),

ಹೇಗಿದ್ದೀಯ? ಆ ಗುಡ್ಡದ ತುದಿಯ ಹವಾಮಾನ ಕೇಂದ್ರದಲ್ಲಿ ಚಳಿ ಇನ್ನೂ ಬಿಟ್ಟಿಲ್ಲವೆಂದು ನಿನ್ನ ಬ್ಲಾಗಿನಲ್ಲಿ ಓದಿದೆ. ಕೆಮ್ಮು ಹೋಯಿತೇ? ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೋ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪನ ಕೈ ಇನ್ನೂ ನಡುಗುವುದಿಲ್ಲ, ಬಾಯಿಗೂ ಬಿಡುವಿಲ್ಲ. ಫೋನ್ ಮಾಡಿ ಬೈಯೋಣವೆಂದರೆ ನೀನು ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಸೌಲಭ್ಯವಿಲ್ಲ, ಪೂರ್ತಿ ಓದು.

ಹೋದ ತಿಂಗಳು ನಿನ್ನ ‘ಸುದ್ದಿಬುಟ್ಟಿ’ ಪ್ರೋಗ್ರಾಮಿಗೆ ‘ಬಾಚಣಿಗೆ’ ಎಂಬ ಹೆಸರಿನಲ್ಲಿ ಯಾರೋ ಒಂದು ತಿದ್ದುಪಡಿ ಕಳಿಸಿದ್ದರಲ್ಲ, ನೆನಪಿದೆಯೇ? ಪತ್ರಿಕೆಗಳ ಜೊತೆ ಬ್ಲಾಗುಗಳ ಫೀಡ್‌ಗಳನ್ನೂ ಅದು ಓದುವಂತೆ ಮಾಡಿದ್ದು. ನೀನು ಅದಕ್ಕೆ “ಧನ್ಯವಾದಗಳು. ಈಗ ಫೀಡ್ ಓದುವವರು ಯಾರೂ ಇಲ್ಲ, ಬೇಡ” ಎಂದು ಬರೆದು ಮುಚ್ಚಿದೆ. ಆ ಬಾಚಣಿಗೆ ನಾನೇ ಮಹಾರಾಯ! ಆಫೀಸಿನಲ್ಲಿ ಕರೆಂಟ್ ಬಿಲ್ಲಿನ ಪ್ರೋಗ್ರಾಂ ನೋಡಿಕೊಂಡು ಮನೆಗೆ ಬಂದು, ಪಾತ್ರೆ ತೊಳೆದು, ಆಮೇಲೆ ಕೂತು ಬರೆದದ್ದು ಅದು. ಅಕ್ಕ ಎಂಬ ದಾಕ್ಷಿಣ್ಯಕ್ಕೆ ಒಪ್ಪಬೇಡ, ಕೆಲಸ ನೋಡಿ ಒಪ್ಪು ಎಂದು ಹೆಸರು ಮುಚ್ಚಿಟ್ಟೆ. ನೀನು ಕೆಲಸವನ್ನು ತೆರೆದೂ ನೋಡಲಿಲ್ಲ. ‘ಇದು ಎಲ್ಲರ ಸೊತ್ತು, ಯಾರು ಬೇಕಾದರೂ ಕೈ ಜೋಡಿಸಿ’ ಎಂದು ಮುಖಪುಟದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೀಯ. ಕೈ ಜೋಡಿಸಲು ಬಂದವರ ಮುಖಕ್ಕೆ ಬಾಗಿಲು ಹಾಕುವುದಾದರೆ ಆ ಸಾಲು ಯಾರನ್ನು ಮೆಚ್ಚಿಸಲು?

ಸುದ್ದಿಬುಟ್ಟಿ ಹುಟ್ಟಿದ್ದು ಈ ಸಲೂನಿನಲ್ಲಿ ಎಂಬುದನ್ನಾದರೂ ಮರೆತಿಲ್ಲ ತಾನೇ? ಕೈಯಲ್ಲಿ ಕತ್ತರಿ ಹಿಡಿದು ಪೇಪರ್ ಓದಲಾಗುವುದಿಲ್ಲ ಎಂದು ಅಪ್ಪ ಗೊಣಗುತ್ತಿದ್ದರು. ನೀನು ಪತ್ರಿಕೆಗಳನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಂ ಬರೆದು, ಬೇಡದ ಸುದ್ದಿ ದಾಟಿಸಲು ಹಳೆಯ ಹೊಲಿಗೆ ಯಂತ್ರದ ಪೆಡಲನ್ನು ಕುರ್ಚಿಯ ಹತ್ತಿರ ಜೋಡಿಸಿಕೊಟ್ಟೆ. ಅಪ್ಪ ಇಂದಿಗೂ ಮಂತ್ರಿಗಳ ಭಾಷಣ ಶುರುವಾದ ಕೂಡಲೇ ಪೆಡಲ್ ಒತ್ತುತ್ತಾರೆ. ಅಷ್ಟೆಲ್ಲ ಆದರೂ ಎರಡು ವರ್ಷದ ಹಿಂದೆ ನೀನು ಕೆಲಸ ಸಿಕ್ಕಿತೆಂದು ಓಡಿಬಂದು ಹೇಳಿದಾಗ, ಗಿರಾಕಿಗಳ ಎದುರೇ “ಆಕಾಶ ನೋಡೋಕೂ ಸಂಬಳ ಕೊಡ್ತಾರಾ?” ಎಂದು ನಕ್ಕರು. ಅದು ತಪ್ಪು. ಅಂದೇ ಅವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಅಂದಿನಿಂದ ನಿಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಇಬ್ಬರ ಹಟದ ನಡುವೆ ಅರೆದು ಹೋಗುತ್ತಿರುವವಳು ನಾನು.

ನಿನ್ನ ಬ್ಲಾಗನ್ನು ನಾನು ಊಟದ ಹೊತ್ತಿನಲ್ಲಿ ಅಮ್ಮನಿಗೆಂದು ಓದುತ್ತೇನೆ. ಅಪ್ಪ ಕೇಳಿಸದವರ ಹಾಗೆ ಅಂಗಡಿಯ ಟವೆಲ್ ಮಡಿಸುತ್ತಾರೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಾರೆ. ಒಂದು ದಿನ ತಲೆ ಎತ್ತದೆ “ಇದನ್ನ ಅಂಗಡೀಲಿರೋದು ಓದಲ್ವಾ?” ಎಂದು ಕೇಳಿದರು. ಓದುವುದಿಲ್ಲ. ಅದಕ್ಕೆ ನೀನು ಕಟ್ಟಿಕೊಟ್ಟ ಐದು ಪತ್ರಿಕೆಗಳನ್ನು ಬಿಟ್ಟು ಬೇರೆ ಪ್ರಪಂಚವೇ ಗೊತ್ತಿಲ್ಲ. ನಿನ್ನ ಬ್ಲಾಗಿನ ಹಿಂದೆ, ಎಲ್ಲ ಬ್ಲಾಗುಗಳ ಹಾಗೆ, ಬರಹಗಳನ್ನು ಸಾಲಾಗಿ ಜೋಡಿಸಿಟ್ಟ ಒಂದು ಫೀಡ್ ಇದೆ. ಆಗಾಗ ಅಲ್ಲಿಗೆ ಹೋಗಿ ಇಣುಕಿ, ಹೊಸದಿದ್ದರೆ ಎತ್ತಿಕೊಂಡು ಬಾ ಎಂದು ಸುದ್ದಿಬುಟ್ಟಿಗೆ ಕಲಿಸಿದೆ. ನಾನು ಮಾಡಿದ್ದು ಇಷ್ಟೇ, ನೀನು ಬೇಡವೆಂದದ್ದು ಇದನ್ನೇ.

ನೀನು ಬೇಡವೆಂದರೇನು, ಹೋದ ಭಾನುವಾರ ಅಂಗಡಿಯ ಕಂಪ್ಯೂಟರಿಗೆ ನಾನೇ ಹಾಕಿದೆ. ಒಂದು ಎಡವಟ್ಟಾಗಿತ್ತು. ಹಳೆಯದು ಯಾವುದು, ಹೊಸದು ಯಾವುದು ಎಂದು ಗುರುತು ಹಿಡಿಯಲು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ನೀನು ತೆರೆದು ನೋಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ, ಅದಕ್ಕಾದರೂ ನಾಲ್ಕು ಬೈಯಬಹುದಿತ್ತು. ಅದು ನಿನ್ನ ಎರಡು ವರ್ಷದ ಬರಹಗಳನ್ನೆಲ್ಲ ಹೊಸ ಸುದ್ದಿಯೆಂದುಕೊಂಡು ಮೊದಲಿನಿಂದ ಓದಲು ಶುರುಮಾಡಿತು. ಅಂಗಡಿ ತುಂಬ ಜನ. ನಾನು ನಿಲ್ಲಿಸಲು ಓಡಿ ಬಂದರೆ ಅಪ್ಪ ಕತ್ತರಿ ಅಡ್ಡ ಹಿಡಿದು “ಇರ್ಲಿ ಬಿಡು” ಎಂದರು. ಆಮೇಲೆ ಕಾಲನ್ನು ಪೆಡಲಿನಿಂದ ತೆಗೆದು ದೂರ ಇಟ್ಟುಕೊಂಡರು. ಮುಖಕ್ಕೆ ಹಚ್ಚಿದ ನೊರೆ ಒಣಗುತ್ತಿದೆಯೆಂದು ಗಿರಾಕಿಯೊಬ್ಬರು ಗೊಣಗಿದಾಗ, ನಿಮ್ಮ ಗಡ್ಡ ಎಲ್ಲೂ ಓಡಿಹೋಗುವುದಿಲ್ಲ ಎಂದು ಗದರಿಸಿದರು. ನೀನೇ ಕೂದಲು ಕತ್ತರಿಸಿಕೊಂಡು ಕಿವಿಯ ಹಿಂದೆ ಮೆಟ್ಟಿಲು ಮಾಡಿಕೊಂಡ ಕಥೆಗೆ ಲೊಚಗುಟ್ಟಿದರು. ಗಾಳಿ ಅಳೆಯುವ ಯಂತ್ರ ಹಿಮಕ್ಕೆ ಸಿಕ್ಕಿ ನಿಂತಾಗ ನೀನು ಬಿರುಗಾಳಿಯಲ್ಲಿ ಕಂಬ ಹತ್ತಿದ್ದು ಬಂದಾಗ, ಹಿಡಿದ ಕತ್ತಿಯನ್ನು ಗಿರಾಕಿಯ ಕೆನ್ನೆಯಿಂದ ತೆಗೆದು, ನೀನು ಇಳಿಯುವ ತನಕ ಹಾಗೇ ನಿಂತಿದ್ದರು. ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಎಡವಟ್ಟನ್ನು ಸರಿಪಡಿಸಿ ನಿನ್ನೆ ಮತ್ತೆ ಕಳಿಸಿದ್ದೇನೆ. ಒಂದನೇ ತಾರೀಕಿಗೆ ಹೊಸ ಆವೃತ್ತಿ ಬಿಡುತ್ತೇನೆಂದು ಸಾರಿದ್ದೀಯ. ಎರಡು ಪತ್ರಿಕೆಗಳು ತಮ್ಮ ವೆಬ್ ಪುಟಗಳನ್ನು ಬದಲಾಯಿಸಿ, ಹಳೆಯ ಆವೃತ್ತಿಗೆ ಅವನ್ನು ಓದಲು ಬರದ ಹಾಗಾಗಿರುವುದರಿಂದ ಅದನ್ನು ಅಂಗಡಿಯಲ್ಲಿ ಹಾಕಲೇಬೇಕು. ನನ್ನ ತಿದ್ದುಪಡಿಯನ್ನು ನೀನು ಒಪ್ಪದೆ ಬಿಟ್ಟರೆ, ಅದನ್ನು ಹಾಕಿದ ಕೂಡಲೇ ನಾನು ಸೇರಿಸಿದ್ದು ಅಳಿಸಿಹೋಗುತ್ತದೆ, ಅದರ ಜೊತೆ ಅಂಗಡಿಯಿಂದ ನೀನೂ ಹೋಗುತ್ತೀಯ. ಪ್ರತಿ ಸಲವೂ ನಾನು ತೇಪೆ ಹಾಕಿಕೊಂಡು ಇರಬಲ್ಲೆ. ಆದರೆ ಯಾಕೆ ಹಾಕಲಿ? ನಮ್ಮ ಮನೆಗೇ ನಾನು ಕಳ್ಳಿಯ ಹಾಗೆ ಹಿತ್ತಲಿನಿಂದ ಬರಬೇಕೇ? ಈ ಸಲ ತೆರೆದು ನೋಡು. ತಪ್ಪಿದ್ದರೆ ತೋರಿಸು, ತಿದ್ದುತ್ತೇನೆ. ‘ಯಾರೂ ಇಲ್ಲ’ ಎಂಬ ಮಾತು ಮಾತ್ರ ಇನ್ನೊಮ್ಮೆ ಬರಕೂಡದು.

ಅಮ್ಮ ಕಾಲುಚೀಲ ಹೆಣೆದಿದ್ದಾರೆ, ಬೇರೆಯಾಗಿ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಂಬ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೋ. ನೂರು ಕಾಲ ಚೆನ್ನಾಗಿರು.

ಇಂತಿ, ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಕ್ಕ, ಉರುಫ್ ಬಾಚಣಿಗೆ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಒಳಗೆ ಬಂದರು. ಯಾರಿಗೆ ಎಂದರು, ಹೇಳಿದೆ. ಕೈ ಒರೆಸಿಕೊಳ್ಳುತ್ತಾ, “ಆ ಗಾಳಿ ಬಗ್ಗೆ ಬರೆದಿದ್ದು ಚೆನ್ನಾಗಿತ್ತು ಅಂತ ಬರಿ. ನಾನು ಹೇಳ್ದೆ ಅನ್ಬೇಡ. ಯಾರೋ ಗಿರಾಕಿ ಹೇಳಿದ್ರು ಅನ್ನು” ಎಂದು ಹೊರಗೆ ಹೋದರು. ಬರೆದಿದ್ದೇನೆ. ಫೀಡ್ ಓದುವವರು ಯಾರು ಎಂದು ಇನ್ನು ಯಾರಾದರೂ ಕೇಳಿದರೆ, ಒಬ್ಬರು ಗಿರಾಕಿ ಇದ್ದಾರೆ ಎಂದು ಹೇಳು.