ಎತ್ತಿದ ಕೈಯ ಕೆಂಪು ಅಂಗಿ

ಕಾಯ್ಕಿಣಿ
ಭಾನುವಾರ, ೪ ಫೆಬ್ರವರಿ ೨೦೨೪

ಪ್ರೀತಿಯ ಅಪ್ಪಾ,

ನಿನ್ನ ಭುಜದ ನೋವು ಹೇಗಿದೆ? ಬೆಳಗಿನ ಇಬ್ಬನಿಗೆ ಅದು ಮತ್ತೆ ಎದ್ದಿರಬಹುದೆಂದು ಅಮ್ಮ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ್ದಾಳೆ. ಬಾಟಲಿ ಈ ಗಂಟಿನಲ್ಲಿದೆ, ಅಡ್ಡ ಮಾಡಬೇಡ, ಮುಚ್ಚಳ ಸಡಿಲ. ಹಚ್ಚಿಕೊಳ್ಳುವಾಗಲಾದರೂ ನೆನಪು ಮಾಡಿಕೋ, ಅದು ದುಡಿದು ಬಂದ ನೋವಲ್ಲ. ಪಕ್ಕದ ಮನೆಯ ಕರು ಬಾವಿಗೆ ಬಿತ್ತೆಂದು ಯಾರೋ ಕೂಗಿದ್ದಕ್ಕೆ, ಈಜು ಬಾರದ ನೀನು ಹಗ್ಗವನ್ನೂ ಹಿಡಿಯದೆ ಹಾರಿದ್ದರಿಂದ ಬಂದದ್ದು. ಊರವರು ಮೊದಲು ಕರುವನ್ನು ಎತ್ತಿದರು, ಆಮೇಲೆ ನಿನ್ನನ್ನು. ಇಲ್ಲಿ ನಾವು ಆರಾಮ. ಶೇಂಗಾ ಗದ್ದೆ ಹಸಿರಾಗಿದೆ, ನವಿಲಿನ ಕಾಟ ಮಾತ್ರ ಹೆಚ್ಚು. ಅಮ್ಮ ಬೆಳಿಗ್ಗೆ ಡಬ್ಬಿ ಬಡಿದು ಓಡಿಸುತ್ತಾಳೆ, ಅವು ಕೋಗಿಲೆಯ ಹಾಡು ಕೇಳಿದಂತೆ ಕತ್ತು ತಿರುಗಿಸಿ ಮತ್ತೆ ಮೇಯುತ್ತವೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನದು ಒಂದೇ ಉತ್ತರ. ಗದ್ದೆಗೆ ನೀರು ಬಿಟ್ಟೆವು ಎಂದರೆ "ಆತು". ಎಮ್ಮೆ ಮಾರಿಬಿಟ್ಟೆವು ಎಂದು ತಮಾಷೆಗೆ ಹೇಳಿದರೂ "ಆತು". ಹಿಂದೆ ನಿಮ್ಮ ಹೋಟೆಲಿನವರು ಕರೆಯುವ ಸದ್ದು, ಮುಂದೆ ನೀನು ಇಟ್ಟುಬಿಟ್ಟ ಸದ್ದು. ಅದಕ್ಕೇ ಬರೆಯುತ್ತಿದ್ದೇನೆ. ಸುಧಾಕರಣ್ಣ ಇಂದು ಗೋವಾಕ್ಕೆ, ನಿಮ್ಮ ಕಾಣಕೋಣಕ್ಕೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಡುಗೆಮನೆಯ ಕೆಲಸ ಮುಗಿದ ಮೇಲೆ ಕೂತು ಓದು.

ವಿಷಯ ಇಷ್ಟು. ಮುರ್ಡೇಶ್ವರದ ನಮ್ಮ ಅಂಗಡಿಗೆ ಕಡಲತೀರ ಸುರಕ್ಷತಾ ಮಂಡಳಿಯ ವಕೀಲರಿಂದ ನೋಟಿಸು ಬಂದಿದೆ. ಅಮ್ಮ ಹೊಲಿಯುವ ಕೆಂಪು ಅಂಗಿಯ ಮೇಲಿರುವ ಗುರುತು, ಅಂದರೆ ತೇಲುವ ಬಿಳಿ ಟ್ಯೂಬಿನೊಳಗೆ ಮೇಲೆತ್ತಿದ ಕೈ, ಮಂಡಳಿಯ ನೋಂದಾಯಿತ ಚಿಹ್ನೆಯಂತೆ. ಪರವಾನಗಿ ಇಲ್ಲದೆ ಅದನ್ನು ಮಾರಿದ್ದರಿಂದ ಮಂಡಳಿಯ ವರ್ಚಸ್ಸಿಗೂ ವರಮಾನಕ್ಕೂ ಧಕ್ಕೆಯಾಗಿದೆಯಂತೆ. ಮಾರಾಟ ನಿಲ್ಲಿಸಿ, ಇದ್ದ ಮಾಲು ಒಪ್ಪಿಸಿ, ಮುಚ್ಚಳಿಕೆ ಬರೆದುಕೊಡಬೇಕು. ಇಲ್ಲವಾದರೆ ಕೋರ್ಟು.

ಈ ಗುರುತು ನಮ್ಮ ಮನೆಗೆ ಹೇಗೆ ಬಂತೆಂದು ನಿನಗೆ ಗೊತ್ತು. ಮುಳುಗುವವರನ್ನು ಕಾಯುವ ತೀರದ ಗಾರ್ಡು ಪ್ರವೀಣ ತನ್ನ ಹರಿದ ಕೆಂಪು ಅಂಗಿಯನ್ನು ಹೊಲಿಗೆಗೆ ತಂದುಕೊಟ್ಟಾಗ ಅಮ್ಮ ಅದರ ಮೇಲೆ ತೆಳು ಕಾಗದ ಇಟ್ಟು ಗೆರೆ ಇಳಿಸಿಕೊಂಡಳು. ಅವಳಿಗೆ ಅದು ಕಳ್ಳತನ ಅನ್ನಿಸಲಿಲ್ಲ, ರವಿಕೆಯ ಮಾದರಿ ಇಳಿಸಿಕೊಂಡ ಹಾಗೆ. ಪ್ರವೀಣನಿಗೂ ಅನ್ನಿಸಲಿಲ್ಲ, ಅವನು ಖುಷಿಪಟ್ಟ. ಮೊದಲು ಹೊಲಿದ ಅಂಗಿಯನ್ನು ನೀನೇ ತೊಟ್ಟುಕೊಂಡು ಗೋವಾದ ರೈಲು ಹತ್ತಿದೆ. ಸಮುದ್ರಕ್ಕೆ ಬೆನ್ನು ಹಾಕಿ, ಸೊಂಟಕ್ಕೆ ಕೈಯಿಟ್ಟು, ಎದೆಯ ಮೇಲಿನ ಗುರುತು ಕಾಣುವಂತೆ ತೆಗೆಸಿ ಕಳಿಸಿದ ಫೋಟೋವನ್ನು ಅಮ್ಮ ದೊಡ್ಡದು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾಳೆ. "ನಮ್ಮನೆಯವ್ರು, ಗೋವಾ ಬೀಚಲ್ಲಿದ್ದಾರೆ" ಅನ್ನುತ್ತಾಳೆ. ಅರ್ಧ ಗಿರಾಕಿಗಳು ನಿನ್ನನ್ನು ಗಾರ್ಡು ಎಂದೇ ತಿಳಿಯುತ್ತಾರೆ. ಶರಾವತಿ ಸೇತುವೆ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುವವನು ನೀನು ಎಂದು ಅವಳು ಯಾರಿಗೂ ಹೇಳುವುದಿಲ್ಲ.

ನೋಟಿಸು ಓದಿದ ಕೂಡಲೇ ನಾನು ನಿರ್ಧರಿಸಿದ್ದೆ, ಬಗ್ಗುವುದಿಲ್ಲವೆಂದು. ಕುಮಟಾದ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡ, ಜನರ ಹಕ್ಕುಗಳ ಕಿರುಹೊತ್ತಿಗೆಗಳನ್ನೆಲ್ಲ ಹರಡಿ ಕುಳಿತೆ. ಅಮ್ಮ ಅವುಗಳನ್ನು ಚೀಟಿ ಪುಸ್ತಕ ಅನ್ನುತ್ತಾಳೆ. ಅನ್ನಲಿ. ಜನರ ತೆರಿಗೆಯಿಂದ ಬರೆಸಿದ ಗುರುತು ಜನರದ್ದು. ಕಡಲು ಮಂಡಳಿಯದಲ್ಲ, ಮರಳು ಮಂಡಳಿಯದಲ್ಲ, ಅದರ ಮೇಲೆ ಎತ್ತಿದ ಕೈ ಮಾತ್ರ ಮಂಡಳಿಯದಾಗುವುದು ಹೇಗೆ? ಮಳೆಗಾಲದ ತಿಂಗಳುಗಳಲ್ಲಿ ಪ್ರವೀಣನಂಥವರಿಗೆ ಸಂಬಳವಿಲ್ಲ, ವಿಮೆ ಯಾವ ಕಾಲದಲ್ಲೂ ಇಲ್ಲ. ಕಾಯುವವರನ್ನು ಕಾಯಲು ಯಾರೂ ಇಲ್ಲ, ಗುರುತನ್ನು ಕಾಯಲು ವಕೀಲರಿದ್ದಾರೆ. ಹೀಗೆಲ್ಲ ಬರೆದು ಉತ್ತರ ಕಳಿಸಿದೆ. ಅಮ್ಮ ಮಶಿನಿನಿಂದ ತಲೆ ಎತ್ತದೆ, "ಸರ್ಕಾರದ ಸಂಗಡ ಎಂತಕ್ಕೆ ಗುದ್ದಾಟ? ಕೈ ಬ್ಯಾಡ ಅಂದ್ರೆ ಬಂಗಡೆ ಮೀನು ಹಾಕ್ವ. ಬಂಗಡೆ ಯಾರ ಅಪ್ಪಂದೂ ಅಲ್ಲ" ಅಂದಳು. ನಾನು ನಕ್ಕೆ, ಒಪ್ಪಲಿಲ್ಲ. ಆ ಉತ್ತರದಲ್ಲಿ ಬರೆದ ಒಂದು ಸಾಲನ್ನೂ ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಂಗಿ ಮಾರುವುದನ್ನು ನಿಲ್ಲಿಸಿದ್ದೇನೆ. ಏಕೆಂದು ಹೇಳುತ್ತೇನೆ.

ಗಣರಾಜ್ಯೋತ್ಸವದ ರಜೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಸೂರಿನ ಕಡೆಯ ಹುಡುಗನೊಬ್ಬ ಅಂಗಿ ಕೊಂಡು ಅಲ್ಲೇ ತೊಟ್ಟುಕೊಂಡು, ನಿನ್ನ ಫೋಟೋದ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತು ಗೆಳೆಯರಿಗೆ ತೋರಿಸಿ ಮರಳಿಗೆ ಇಳಿದ. ಸ್ವಲ್ಪ ಹೊತ್ತಿಗೆ ನೀರಿನ ಅಂಚಿನಲ್ಲಿ ಕೂಗು ಕೇಳಿಸಿತು. ಹುಬ್ಬಳ್ಳಿಯ ಕಡೆಯ ಹೆಂಗಸೊಬ್ಬಳು ಒದ್ದೆ ಸೀರೆಯಲ್ಲಿ ಎಡವುತ್ತ ಓಡಿಬಂದು ಅವನ ಅಂಗಿಯನ್ನು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದಳು. "ನೀವು ಗಾರ್ಡ್ ಅಲ್ರೀ? ಹಾರ್ರೀ ಅಣ್ಣಾ, ನನ್ ಮಗಾ ನೀರಾಗ ಅದಾನ್ರೀ, ಹಾರ್ರೀ!" ಅವನು ಹಿಂದೆ ಸರಿಯುತ್ತ, "ನಾನಲ್ಲ ಆಂಟಿ, ಇದು ಬರೀ ಟೀ ಶರ್ಟು" ಅನ್ನುತ್ತಿದ್ದ. ಅವಳಿಗೆ ಅದು ಕೇಳಿಸಲೇ ಇಲ್ಲ. ಅಂಗಿ ಬಿಡಲೊಲ್ಲಳು. ಅವನನ್ನೇ ನೀರಿನತ್ತ ಎಳೆಯುತ್ತಿದ್ದಳು. ಅತ್ತ ಬಂಡೆಗಳ ಹತ್ತಿರ ಪ್ರವೀಣ ಬೇರೆ ಯಾರನ್ನೋ ಗದರಿಸುತ್ತಿದ್ದ. ಕೆಂಪು ಅಂಗಿಯವನು ಆಗಲೇ ಅಲ್ಲಿದ್ದಾನಲ್ಲ ಎಂದು ಜನರೂ ಪ್ರವೀಣನನ್ನು ಕರೆಯಲಿಲ್ಲ. ನಾನು ಅಂಗಡಿಯ ಮೆಟ್ಟಿಲಿಂದ ಹೆಸರು ಹಿಡಿದು ಕಿರುಚಿದ ಮೇಲೆ ಅವನು ತಿರುಗಿ ನೋಡಿ ನೀರಿಗೆ ಹಾರಿದ.

ಮಗು ಬದುಕಿತು. ನೀರು ಕಕ್ಕಿ ಮೊದಲು ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿತು. ಅಲ್ಲಿದ್ದವರೆಲ್ಲ ನಕ್ಕರು, ತಾಯಿ ಮಾತ್ರ ನಗಲಿಲ್ಲ.

ಸಂಜೆ ಪ್ರವೀಣ ಅಂಗಡಿಗೆ ಬಂದ. ಬೈಯುತ್ತಾನೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವನು ತೂಗುಹಾಕಿದ ಅಂಗಿಗಳನ್ನು ಒಂದೊಂದಾಗಿ ಸರಿಸಿ ನೋಡಿ, "ನಿನ್ನ ಅಮ್ಮನ ಕೈ ಚೆಂದ ಮಾರಾಯ್ತಿ" ಅಂದ. "ನಂದು ಉಪ್ಪುನೀರಿಗೆ ಬಣ್ಣ ಹೋಗಿ ಇಟ್ಟಿಗೆ ಕಂಡಂಗೆ ಕಾಣ್ತದೆ. ನಿಮ್ದು ಕೆಂಪು ಕೆಂಪು. ಹೆದರಿದವ್ರು ಯಾವ್ದು ನೋಡಿ ಓಡ್ತಾರೆ ಹೇಳು?" ಇಷ್ಟು ಹೇಳಿ ಒಂದು ಸೋಡಾ ಕುಡಿದು ಹೋದ. ನನ್ನ ಯಾವ ಹೊತ್ತಿಗೆಯಲ್ಲೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ನೋಟಿಸಿನಲ್ಲೂ ಇರಲಿಲ್ಲ, ಅದನ್ನು ಮತ್ತೆ ತೆಗೆದು ಓದಿದೆ. ವರ್ಚಸ್ಸು ಇದೆ, ವರಮಾನ ಇದೆ, ನಷ್ಟ ಪರಿಹಾರ ಇದೆ. ಮುಳುಗುವವರ ಮಾತು ಎಲ್ಲೂ ಇಲ್ಲ.

ಮೊನ್ನೆ ಹೊನ್ನಾವರದಲ್ಲಿರುವ ಮಂಡಳಿಯ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ಕೆಟ್ಟವರಲ್ಲ, ಕೂರಿಸಿ ಚಹಾ ತರಿಸಿದರು. ಮಾರಾಟ ನಿಲ್ಲಿಸಿದ್ದೇನೆ ಎಂದೆ. ಸಂತೋಷಪಟ್ಟು ಮುಚ್ಚಳಿಕೆ ಮುಂದಿಟ್ಟರು. "ಮಂಡಳಿಯ ವ್ಯಾಪಾರ ಹಿತಕ್ಕೆ ಹಾನಿ ಮಾಡಿದ್ದಕ್ಕೆ ವಿಷಾದಿಸುತ್ತೇನೆ" ಎಂದಿತ್ತು. ನಾನು ಆ ಸಾಲು ಹೊಡೆದುಹಾಕಿ, "ಮುಳುಗುತ್ತಿರುವವರು ಕರೆಯಬೇಕಾದವರನ್ನೇ ಕರೆಯಲಿ ಎಂದು ನಿಲ್ಲಿಸಿದ್ದೇನೆ" ಎಂದು ಬರೆದೆ. ಅವರು ಕನ್ನಡಕ ತೆಗೆದು ಒರೆಸಿ, "ಫಾರ್ಮ್ಯಾಟ್ ಬದಲಾಯಿಸೋ ಹಾಗಿಲ್ಲಮ್ಮ" ಅಂದರು. ಆಗಲೇ ಗೊತ್ತಾಯಿತು, ಮುಂದಿನ ತಿಂಗಳಿಂದ ಒಂದು ಕಂಪನಿ ಇದೇ ಅಂಗಿಯನ್ನು ಮಂಡಳಿಯ ಪರವಾನಗಿ ಪಡೆದು ತೀರದಲ್ಲೇ ಮಾರಲಿದೆ. ಅದನ್ನು ತೊಟ್ಟವನನ್ನು ಹಿಡಿದು ಯಾರಾದರೂ ಎಳೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅದು ಬೇರೆ ವಿಷಯ, ಅದಕ್ಕೆ ಲೈಸೆನ್ಸ್ ಇದೆ" ಎಂದರು. ಲೈಸೆನ್ಸಿಗೆ ಈಜು ಬರುತ್ತದೆಯೇ ಎಂದು ಕೇಳಿ, ಚಹಾ ಮುಗಿಸಿ, ಸಹಿ ಹಾಕದೆ ಎದ್ದುಬಂದೆ.

ಹಾಗಾಗಿ ಕೋರ್ಟಿಗೆ ಹೋಗುತ್ತೇನೆ. ನಾವು ಮಾರಬೇಕೆಂದು ಅಲ್ಲ, ಯಾರೂ ಮಾರಬಾರದೆಂದು. ಗುರುತು ಜನರದ್ದೇ, ಅದರಲ್ಲೂ ನೀರಿನಲ್ಲಿರುವ ಜನರದ್ದು. ದಡದಲ್ಲಿರುವ ನಾವು, ಮಂಡಳಿ, ಕಂಪನಿ, ಯಾರೂ ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಇದನ್ನೇ ನ್ಯಾಯಾಧೀಶರ ಮುಂದೆ ಹೇಳುತ್ತೇನೆ, ಅವರು ಏನಾದರೂ ಅಂದುಕೊಳ್ಳಲಿ. ಅಮ್ಮನಿಗೆ ತಲೆಬಿಸಿ. "ಮಾರೂದೂ ಇಲ್ಲ, ಸಹಿನೂ ಇಲ್ಲ. ಇದೆಂತ ಹಟ ನಿಂದು? ಅಪ್ಪನ ಮಗಳೇ ಹೌದು" ಅನ್ನುತ್ತಲೇ ಉಳಿದ ಅಂಗಿಗಳ ಗುರುತಿನ ದಾರ ಬಿಚ್ಚುತ್ತಿದ್ದಾಳೆ. ಬಿಚ್ಚಿದ ಮೇಲೂ ಸೂಜಿಯ ತೂತುಗಳು ಉಳಿಯುತ್ತವೆ. ಆ ಜಾಗದಲ್ಲಿ ಬಂಗಡೆ ಹೊಲಿಯುತ್ತಾಳೆ. ನಿಜಕ್ಕೂ ಚೆನ್ನಾಗಿ ಬಂದಿದೆ, ಕಣ್ಣು ಮಾತ್ರ ಸ್ವಲ್ಪ ದೊಡ್ಡದು. ನಿನ್ನ ಫೋಟೋವನ್ನು ಗೋಡೆಯಿಂದ ಇಳಿಸಿದ್ದೇನೆ. ಅಮ್ಮ ಅದನ್ನು ಒರೆಸಿ ಮಶಿನಿನ ಪಕ್ಕ ಇಟ್ಟುಕೊಂಡಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಡಿಸಿ ಉಳಿದದ್ದನ್ನಲ್ಲ. ಗದ್ದೆ, ಎಮ್ಮೆ, ಅಮ್ಮ, ನಾನು, ಎಲ್ಲರೂ ನಿನ್ನನ್ನು ಕೇಳಿದ್ದೇವೆಂದು ತಿಳಿ. ಶೇಂಗಾ ಕೀಳುವ ಹೊತ್ತಿಗೆ ಬಂದುಬಿಡು.

ನಿನ್ನ ಮಗಳು
ನೀಲಾ

ಮರೆತಿದ್ದೆ. ಸುಧಾಕರಣ್ಣ ಅಂಗಳದಲ್ಲಿ ನಿಂತು "ರೈಲು ನಿಮ್ಮನೇದಲ್ಲ ಮಾರಾಯ್ತಿ!" ಎಂದು ಕೂಗುತ್ತಿದ್ದಾನೆ. ಗಂಟಿನಲ್ಲಿ ಅಮ್ಮ ಹೊಲಿದ ನೀಲಿ ಅಂಗಿಯಿದೆ. ಅದನ್ನು ತೊಟ್ಟುಕೊಂಡು ಕೆಂಪು ಅಂಗಿಯನ್ನು ಅವನ ಕೈಯಲ್ಲೇ ಈಗಲೇ ಕೊಟ್ಟು ಕಳಿಸು, ನಾಳೆಯಲ್ಲ. ಕೋರ್ಟಿಗೆ ಹೆದರಿ ಹೇಳುತ್ತಿಲ್ಲ ಅಪ್ಪಾ. ಆ ಮೈಸೂರಿನ ಹುಡುಗ ಬುದ್ಧಿವಂತ, ಬರೀ ಟೀ ಶರ್ಟು ಎಂದು ಹಿಂದೆ ಸರಿದ. ನಿನ್ನ ಎದೆ ಹಿಡಿದು ಯಾರಾದರೂ ಹಾರು ಅಂದರೆ ನೀನು ಹಾಗನ್ನುವವನಲ್ಲ. ನೀನು "ಆತು" ಅನ್ನುತ್ತೀಯ.